ತೀನ್ ಕಂದೀಲಿನ ಹತ್ತಿರ ಒಂದು ರಿಪೇರಿ

ಹಂಪಮ್ಮ ಟೀಚರು ಆಟೋದಾಗ ತಂದ್ರು,
ಇಬ್ಬರು ಹಿಡದು ಇಳಿಸಿದಿವಿ.
ಹಸಿರು ಪೇಂಟು, ಹದಿನಾಲ್ಕು ಕೆಜಿ,
ಮುಂದ ಐದು ಗುಂಡಿ, ಒಂದಕ್ಕ ತೊಪ್ಪಿಗಿ ಇಲ್ಲ,
ಅಲ್ಲಿ ಹಲ್ಲುಪುಡಿ ಡಬ್ಬಿಯ ಮುಚ್ಚಳ ಕೂಡಿಸ್ಯಾರ.
ಅವರ ಅಣ್ಣನ ಮೈಕ್ ಸೆಟ್ಟಿನದು.
ಮಾನ್ವಿ ಸೀಮ್ಯಾಗ ಇದು ಹೋಗದ ಹಂದರ ಇರಲಿಲ್ಲಂತ.

"ಯಂಕೋಬ, ಗುಂಯ್ ಅಂತದ. ನೋಡು."

ಗುಂಯ್ ಅನ್ನೂದು ಅದರ ಉಸಿರು,
ಪೂರಾ ತಗದ್ರ ಸತ್ತಂಗ ಕಾಣ್ತದ
ಅಂತ ಖಾಸಿಂ ಮಿಸ್ತ್ರಿ ಅಂತಿದ್ದ.
ನಾನು ಅನ್ನಲಿಲ್ಲ. ಹಳೇ ಕೆಪ್ಯಾಸಿಟರ್ ಉಬ್ಬಿದ್ದವು,
ಅದಕ್ಕ ಗುಂಯ್ ಅಂತಿತ್ತು, ಅಷ್ಟ.

ಸ್ವಿಚ್ ಒತ್ತಿದ ಕೂಡಲೆ ಮಾತಾಡೂದಿಲ್ಲ ಇದು.
ಮೊದಲು ಗಾಜಿನ ಹೊಟ್ಟಿಯೊಳಗ
ಬೀಡಿ ತುದಿಯಷ್ಟು ಕೆಂಪು,
ಆಮ್ಯಾಲ ಕಾಸಿದ ಬೆಲ್ಲದ ಬಣ್ಣ,
ಆಮ್ಯಾಲ ಧೂಳು ಸುಟ್ಟ ವಾಸನಿ,
ಆಮ್ಯಾಲ ಮಾತು.
ಮೇ ತಿಂಗಳ ರಾಯಚೂರಾಗ, ನಲವತ್ಮೂರು ಡಿಗ್ರಿಯಾಗ
ನಾಕು ವಾಲ್ವಿನ ಮುಂದ ಕೂತು ಕೆಲಸ ಮಾಡಿ ನೋಡ್ರಿ,
"ಬೆಚ್ಚನೆಯ ದನಿ" ಅನ್ನೋರ ಬಾಯಿ ಮುಚ್ತದ.

ಹೊಸದು ತೋರಿಸಿದೆ.
ಅಂಗೈಯಷ್ಟು. ಕರೀದು. ಮೂಲಿ ಸೈತ ಇಲ್ಲ,
ಎಲ್ಲಾ ಉಜ್ಜಿ ದುಂಡಗ ಮಾಡ್ಯಾರ.
ಒಂದು ನೀಲಿ ಚುಕ್ಕಿ. ಗುಂಡಿ ಇಲ್ಲ, ಬೆರಳು ಸವರಬೇಕು.
"ಇದರ ಮುಖ ಎಲ್ಲದ?" ಅಂದ್ರು.
ಮುಖ ಇಲ್ರಿ. ಎರಡು ನೂರು ವಾಟ್ ಅದ.
"ಸೋಪಿನ ಪೆಟಗಿ," ಅಂದ್ರು, "ಒಳಗ ಸೋಪಿಲ್ಲ."

ಬ್ಯಾಗಿನಿಂದ ಕ್ಯಾಸೆಟ್ ತಗದ್ರು.
ಅವರದೇ ಮದುವಿ, ಎಂಬತ್ತೊಂಬತ್ತನೇ ಇಸ್ವಿ,
ಅವ್ವನ ಸೋಬಾನ ಪದ.

ಹಳೇದರಾಗ ಹಚ್ಚಿದೆ.
ಅವ್ವನ ದನಿ ತುಪ್ಪ ಸವರಿದ ರೊಟ್ಟಿಯಂಗ ಬಂತು,
ಅಂಚು ಸುಟ್ಟಿಲ್ಲ, ನಡುವ ಉಬ್ಬ್ಯದ.
ಮ್ಯಾಲಿನ ಸ್ವರ ಒಡೀಬೇಕಾದಲ್ಲಿ ಒಡೀಲಿಲ್ಲ,
ವಾಲ್ವು ಅದನ್ನ ಸೆರಗಿನ್ಯಾಗ ಹಿಡಕೊಂತು.
ಟೀಚರು ತಲಿ ಆಡಿಸಿದ್ರು. "ಇದು ನಮ್ಮವ್ವ."

ಹೊಸದರಾಗ ಹಚ್ಚಿದೆ.
ಮುಖ ಸಿಂಡರಿಸಿದ್ರು.
"ನಮ್ಮವ್ವ ಇಷ್ಟು ಕೀರಲಾಗಿ ಹಾಡ್ತಿದ್ದಿಲ್ಲ."
ಹಾಡ್ತಿದ್ರು, ಟೀಚರ್. ಟೇಪಿನ್ಯಾಗ ಅದ.
ಬಳಿ ಸಪ್ಪಳ. ಯಾರೋ ಕೆಮ್ಮಿದ್ದು.
ತಂಬಗಿ ಬಿದ್ದು ಗೋಡಿತನಕ ಉರುಳಿದ್ದು.
ಎರಡು ಸಾಲಿನ ನಡುವ, ದೂರದಾಗ,
ಅಡಿಗಿ ಕಡಿಯಿಂದ, ಒಂದು ಗಂಡು ದನಿ:
"ಹಂಪಿ ಉಂಡಳೇನು? ಯಾರರ ಕೇಳ್ರವಾ."

ಟೀಚರು ಕೈ ಎತ್ತಿದ್ರು.
ಹಿಂದ ಸರಿಸಿದೆ. ಮತ್ತ ಹಚ್ಚಿದೆ.
ಮೂವತ್ತೈದು ವರ್ಷ ಈ ಮಾತು
ಆ ಗುಂಯ್ ಅನ್ನೂದರ ಕೆಳಗ ಮಲಗಿತ್ತು.
"ಅಪ್ಪ," ಅಂದ್ರು.
ಸ್ವಲ್ಪ ತಡದು, "ಅವತ್ತು ನಾ ಉಂಡಿದ್ದಿಲ್ಲ."

ಕರೆಂಟ್ ಹೋತು.
ಶಕ್ತಿನಗರದ ಚಿಮಣಿ ಎಲ್ಲಾ ಊರಿಗೂ ಬೆಳಕು ಹಂಚತದ,
ನಮ್ಮ ಓಣಿ ದೀಪದ ಬುಡ.
ನೀಲಿ ಚುಕ್ಕಿ ಟಪ್ಪನೆ ಆರಿತು.
ವಾಲ್ವುಗಳು ಹೋಗಲಿಕ್ಕ ಹೊತ್ತು ತಗೊಂಡವು,
ಹೊಂಟ ಬೀಗರು ಬಾಗಲದಾಗ ನಿಂತು ಮತ್ತ ಮಾತು ತಗದಂಗ.

ಯಾವುದು ಬೇಕ್ರಿ? ಅಂದೆ ಕತ್ತಲದಾಗ.
"ಎರಡೂ. ಮುಖ ಮಾತ್ರ ಇದೇ ಇರಲಿ."

ಹಸಿರು ಡಬ್ಬಿಯೊಳಗ ಜಾಗಕ್ಕ ಬರ ಇಲ್ಲ,
ಒಂದು ಸಂಸಾರ ಹೂಡಬಹುದು.
ಹೊಸದರ ಕರೀ ಅಂಗಿ ಕಳಚಿ, ಬೋರ್ಡು ಮಾತ್ರ
ಟ್ರಾನ್ಸ್‌ಫಾರ್ಮರಿಂದ ದೂರ, ಸ್ಕ್ರೂ ಬಿಗಿದು ಕೂಡಿಸಿದೆ.
ಉಬ್ಬಿದ ಕೆಪ್ಯಾಸಿಟರ್ ಬದಲಿಸಿದೆ.
ಹಲ್ಲುಪುಡಿ ಮುಚ್ಚಳ ತಗೀಬ್ಯಾಡ ಅಂದಿದ್ರು,
ಅದರ ಬಗಲಿಗೆ ಒಂದು ಸ್ವಿಚ್ಚು.
ಕೆಳಗ ಒತ್ತಿದ್ರ ಅವ್ವ. ಮ್ಯಾಲ ಎತ್ತಿದ್ರ ಅಪ್ಪ.
ಹಂಗ ಬರೀಲಿಲ್ಲ.
ಹಳೇದು, ಹೊಸದು ಅಂತ ಬರದೆ.

ದೀಪಾವಳಿ ಮುಂದ ತರಕಾರಿ ಬಜಾರದಾಗ ಸಿಕ್ರು.
ಸ್ವಿಚ್ಚು ಯಾವ ಕಡಿ ಇಡ್ತೀರಿ ಟೀಚರ್?
"ನಡುವ."
ನಡುವ ಇಟ್ರ ಏನೂ ಕೇಳೂದಿಲ್ಲಲ್ರಿ.
"ಗೊತ್ತದ. ಆ ಬೆಳಕಿನ್ಯಾಗ ಹುಡುಗರ ಕಾಪಿ ತಿದ್ದತೀನಿ,"
ಅಂದು, ಹೀರಿಕಾಯಿ ಚೀಲ ಹಿಡದು ಹೊಂಟ್ರು.

ನಾಕು ವಾಲ್ವಿನ ಬೆಳಕಿಗೆ
ಅಕ್ಷರ ಕಾಣೂದಿಲ್ಲ.
ಅಷ್ಟು ನನಗೂ ಗೊತ್ತದ.