ಗಾದಿಲಿಂಗನ ಎಣಿಕೆ

ಸಂಡೂರಿನಾಚೆಯ ಈ ಶಾಲೆಗೆ ನಾನು ಬಂದ ಮೊದಲ ವಾರ
ಮಧ್ಯಾಹ್ನ ಒಂದೂವರೆಗೆ ಗುಡ್ಡ ಸಿಡಿದಾಗ
ಸಾರಿನ ಸೌಟು ನನ್ನ ಕೈಯಿಂದಲೇ ಜಾರಿತ್ತು.
ಮಕ್ಕಳು ನಕ್ಕರು.
ನಗದವನು ಒಬ್ಬ, ಒಂದನೇ ತರಗತಿಯ ಗಾದಿಲಿಂಗ.
ಬೆಂಚಿನಡಿ, ಮೊಣಕಾಲಿಗೆ ಹಣೆ ಒತ್ತಿ,
ಚಡ್ಡಿ ಒದ್ದೆ.

ದಿನವೂ ಅಷ್ಟೇ. ಒಂದು ಗಂಟೆಯ ಅನ್ನ
ಅವನ ಗಂಟಲಲ್ಲೇ ನಿಲ್ಲುತ್ತಿತ್ತು.
"ಹೆದರಬ್ಯಾಡೋ" ಎಂದೆ, ಎಷ್ಟೋ ಸಲ.
ಆ ಮಾತಿಗೆ ಹಿಡಿದುಕೊಳ್ಳಲು ಹಿಡಿಯೇ ಇರಲಿಲ್ಲ.

ಕೊನೆಗೊಂದು ದಿನ ಸುತ್ತಿಗೆ ಕೊಟ್ಟೆ.
ಬೇವಿನ ಕೊಂಬೆಗೆ ನೇತುಬಿಟ್ಟ ರೈಲುಹಳಿಯ ತುಂಡು,
ಅದೇ ನಮ್ಮ ಗಂಟೆ.
"ಅಲ್ಲಿ ಕೆಂಪು ಬಾವುಟ ಏರ್ತೈತಿ ನೋಡು,
ಸೈರನ್ ಕೂಗ್ತೈತಿ. ಆಗ ನೀ ಮೂರು ಹೊಡಿ.
ನೀ ಹೊಡದ ಮ್ಯಾಲೇ ಗುಡ್ಡಕ್ಕ ಅಪ್ಪಣಿ."

ಸುಳ್ಳು. ನನಗೂ ಗೊತ್ತು,
ಮೂರನೇ ತರಗತಿಯ ಹೊನ್ನೂರಬಿಗೂ ಗೊತ್ತು.
ಬಾಯಿ ಬಿಡಲಿಲ್ಲ, ಪುಣ್ಯ.

ಠಣ್. ಠಣ್. ಠಣ್.
ತಗಡು ಅದುರಿತು, ಕೆಂಧೂಳು ಅನ್ನದ ಮೇಲೆ ಕೂತಿತು.
ಅದೇ ಸದ್ದು, ಒಂದು ಕಲ್ಲೂ ಕಡಿಮೆಯಿಲ್ಲ.
ಅವನು ಮಾತ್ರ ಸೊಂಟಕ್ಕೆ ಕೈಕೊಟ್ಟು ನಿಂತಿದ್ದ,
ತನ್ನ ಎತ್ತು ತಾನು ಹೇಳಿದಷ್ಟೇ ಹೆಜ್ಜೆ ಇಟ್ಟಿತೆಂಬಂತೆ.
ತಿರುಗಿ ಬಂದು ಎರಡು ಸಲ ಹಾಕಿಸಿಕೊಂಡು ಉಂಡ.

ಆಷಾಢದ ಒಂದು ಸಂಜೆ, ಎಲ್ಲರೂ ಹೋದ ಮೇಲೆ,
ಬಾಗಿಲಲ್ಲಿ ನಿಂತ.
"ಟೀಚರ್, ಸುತ್ತಿಗಿ ಮನಿಗೆ ಒಯ್ಯಲೇನು?"
ಯಾಕೋ?
"ಅವ್ವಗ ಪಿಟ್ಸ್ ಬರ್ತಾವ. ಕೈಯಾಗ ಕಬ್ಬಿಣ ಇಟ್ರ ನಿಲ್ತಾವಂತ.
ಕೀಲಿಕೈ ಇಟ್ವಿ, ಕುಡುಗೋಲು ಇಟ್ವಿ.
ಇದು ದೊಡ್ಡದೈತಲ್ಲ."

ನಾನು ಗುಡ್ಡ ನೋಡಿದೆ.
ಹೊಟ್ಟೆ ತುಂಬ ಕಬ್ಬಿಣ ಇಟ್ಟುಕೊಂಡೂ
ದಿನಾ ನಡುಗುತ್ತದಲ್ಲ ಅದು.
ಆ ತಾಯಿಯ ಮೈಗೆ ಬಾವುಟವಿಲ್ಲ, ಸೈರನ್ ಇಲ್ಲ,
ಒಂದೂವರೆಯೆಂಬ ಕರಾರಿಲ್ಲ.
ಇನ್ನೊಂದು ಸುಳ್ಳು ನಾಲಗೆಯ ತುದಿಗೆ ಬಂದಿತ್ತು,
ನುಂಗಿಕೊಂಡೆ.

ಚಾಪೆ ಹಾಸಿ ನಾನೇ ಮಲಗಿದೆ.
"ಹಿಂಗ ಪಕ್ಕಕ್ಕ ಹೊರಳಿಸು. ತಲಿ ಕೆಳಗ ಸೀರಿ ಮಡಚಿಡು.
ಕೈಯಾಗ ಏನೂ ಬ್ಯಾಡ, ಬಾಯಾಗೂ ಬ್ಯಾಡ.
ಆಮ್ಯಾಲೆ ಎಣಿಸು. ನೂರಕ್ಕೊಂದು ಕಲ್ಲು ಕೆಳಗಿಡು.
ಮೂರು ಕಲ್ಲಾದ್ರ, ಓಡು, ಆಶಾ ತಿಪ್ಪಮ್ಮನ ಮನಿಗೆ."

"ನನಗ ಇಪ್ಪತ್ತರ ತನಕ ಅಷ್ಟ ಬರ್ತೈತಿ" ಎಂದ.

ಅವತ್ತು ಕತ್ತಲಾಗುವವರೆಗೂ ಎಣಿಸಿದೆವು.
ಮೂವತ್ತೊಂಬತ್ತರ ಹೊಸ್ತಿಲಲ್ಲಿ ಪ್ರತಿ ಸಲ ಎಡವುತ್ತಿದ್ದ.
ಅಂಗಳದಿಂದ ಅದಿರಿನ ಕಲ್ಲು ಆರಿಸಿಕೊಂಡ,
ತೂಗಿ ತೂಗಿ, ಮೂರೇ ಮೂರು.
ಶ್ರಾವಣಕ್ಕೆ ನೂರು ಬಂತು,
ತರಗತಿಯಲ್ಲಿ ಇನ್ನಾರಿಗೂ ಬಾರದ ಹೊತ್ತಿಗೆ.

ನಿನ್ನೆ ಹಾಜರಿಯಲ್ಲಿ ಹೆಸರು ಕೂಗಿದರೆ
"ಹಾಜರ್" ಅನ್ನಲಿಲ್ಲ.
"ಅರವತ್ತೆರಡಕ್ಕ ಕಣ್ಣು ತೆಗದ್ಲು, ಟೀಚರ್" ಅಂದ.

ಬೆರಳು ಇನ್ನೂ ಸಣ್ಣಗೆ ನಡುಗುತ್ತಿದ್ದವು.
ಜೇಬಿನಲ್ಲಿ ಕಲ್ಲು
ಮೂರೂ ಇದ್ದವು.