ಚುಕ್ಕೆಗೆರೆ

ಕಸೀಲ್ಯಸ್‌ನಿಂದ ಲಿಸ್ಬನ್ನಿಗೆ ದೋಣಿಯಲ್ಲಿ ಹತ್ತು ನಿಮಿಷ.
ನಾವು ಇಳಿಯುವುದಿಲ್ಲ.
ಹೋಗಿ, ಬಂದು, ಮತ್ತೆ ಹೋಗಿ
ಭಾನುವಾರವೆಲ್ಲ ತೇಜು ನದಿಯ ಮೇಲೆಯೇ ಸವೆಯುತ್ತದೆ.
ಟಿಕೆಟ್ ನೋಡುವ ಇವೋನ್
ನೋಡಿಯೂ ನೋಡದವಳ ಹಾಗೆ ದಾಟಿಹೋಗುತ್ತಾಳೆ.

ಎಂಜಿನ್ ಕೋಣೆಯ ತಗಡಿಗೆ ಕೆನ್ನೆಯೊತ್ತಿ ಕೂರುತ್ತಾನೆ ಝೆಫೆರಿನೊ.
ಹನ್ನೊಂದು ವರ್ಷ. ಒಂದು ಮಾತಿಲ್ಲ.
ಅದು ಗುಂಯ್ ಎಂದರೆ ಇವನೂ ಗುಂಯ್,
ಅದರದೇ ಶ್ರುತಿಯಲ್ಲಿ,
ತಗ್ಗಿದರೆ ತಗ್ಗಿ, ದಡ ಬಂದರೆ ನಿಂತು.
ಆಗ ಅವನ ಮುಖ ನೋಡಬೇಕು.
ಆ ಮುಖಕ್ಕೆ ಯಾವ ಮದ್ದೂ ಬೇಡ.

ರಾತ್ರಿಯದು ಬೇರೆ ಮುಖ.
ಮೂರು ಗಂಟೆಗೆ ಗೋಡೆಗೆ ಹಣೆ,
ಹಲ್ಲಿಗೆ ಸಿಕ್ಕ ಮಣಿಕಟ್ಟು,
ಕೆಳಮನೆಯ ವಿಧವೆ ಕೋಲಿನಿಂದ ಚಾವಣಿ ಕುಟ್ಟುವ ಸದ್ದು.
ಹೊಟ್ಟೆನೋವೋ ಹಲ್ಲುನೋವೋ ಕನಸೋ
ಹೇಳಲಾರ.
ಕೇಳಿ ಕೇಳಿ ನನ್ನ ನಾಲಿಗೆಯೂ ಸವೆದಿದೆ.

ಐದು ತುಂಬಿದಾಗ ಅವನಪ್ಪ ಒಂದು ಸೀಸೆ ತಂದ.
ದಿನಕ್ಕೆ ಎಂಟು ಸಲ, ಹನಿ ಹನಿ, ಹಾಲಿನಲ್ಲಿ.
ಈಜುಕೊಳದ ವಾಸನೆ.
ಗುಣವಾಗುತ್ತದೆ ಎಂದಿದ್ದನಂತೆ ಮಾರಿದವನು.
ಗಲ್ಲ ಅದುಮಿ ಬಾಯಿ ತೆರೆಸಿದ್ದು
ನನ್ನವೇ, ಈ ಎರಡು ಬೆರಳು.
ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ,
ಸುಟ್ಟು ನೋಡಿದ್ದೇನೆ.
ಒಂಬತ್ತು ದಿನ ಆಸ್ಪತ್ರೆಯಲ್ಲಿ ನೀರಿಳಿಯದ ಗಂಟಲು.
ಇಂದಿಗೂ ಹಾಲಿನ ಲೋಟ ಕಂಡರೆ
ಮೇಜಿನ ಕೆಳಗೆ ಸೇರಿಕೊಳ್ಳುತ್ತಾನೆ.

ಈಗ ಕೊಯಿಂಬ್ರಾದಿಂದ ಹದಿನಾಲ್ಕು ಹಾಳೆ ಬಂದಿದೆ.
ಇದು ಸೀಸೆಯಲ್ಲ. ಮೆಲುಮಾತಿನ ಡಾಕ್ಟರಮ್ಮ
ಪ್ರಯೋಗ ಎಂಬ ಪದವನ್ನು ಮುಚ್ಚಿಡಲಿಲ್ಲ.
ಹಾಳೆ ಆರು: ನಿದ್ದೆ ಬರಬಹುದು, ಕಚ್ಚುವುದು ತಗ್ಗಬಹುದು.
ಹಾಳೆ ಏಳು: ಪುನರಾವರ್ತಿತ ಧ್ವನಿಗಳು ತಗ್ಗಬಹುದು.
ಎಂದರೆ ಗುಂಯ್.
ಅದು ಹೊಳೆಯಲು ಎರಡು ಸಲ ಓದಬೇಕಾಯಿತು.
ಕೊನೆಯಲ್ಲಿ ಎರಡು ಚುಕ್ಕೆಗೆರೆ:
ಒಂದು ತಾಯಿಗೆ,
ಇನ್ನೊಂದು, ಸಾಧ್ಯವಿದ್ದಲ್ಲಿ, ಮಗುವಿಗೆ.

ಇವೋನ್‌ಗೆ ತೋರಿಸಿದೆ.
ತನಗೂ ಆಟಿಸಂ ಎಂದು ನಲವತ್ತಮೂರಕ್ಕೆ ತಿಳಿದವಳು.
'ನನ್ನನ್ನು ರಿಪೇರಿ ಮಾಡಲು ಯಾರಾದರೂ ಬಂದರೆ
ಇಲ್ಲಿಂದಲೇ ಹಾರುತ್ತೇನೆ' ಎಂದಳು, ಟಿಕೆಟ್ ಯಂತ್ರ ಒರೆಸುತ್ತ.
ಸಿಟ್ಟು ನೆತ್ತಿಗೇರಿತು.
ಬೇಡ ಎನ್ನಲು ನಿನಗೆ ಬಾಯಿದೆ. ಸಂಬಳವಿದೆ, ಸಮವಸ್ತ್ರವಿದೆ.
ನಾನು ಸತ್ತ ಮಾರನೆಯ ಬೆಳಿಗ್ಗೆ
ಇವನ ಶೂಲೇಸು ಕಟ್ಟುವವರು ಯಾರು?
ಕೂಗಿಯೇ ಬಿಟ್ಟೆ. ಪ್ರವಾಸಿಗರು ತಿರುಗಿ ನೋಡಿದರು,
ಝೆಫೆರಿನೊ ಕಿವಿ ಮುಚ್ಚಿಕೊಂಡ.

ಅವಳು ನನ್ನ ಕಣ್ಣು ನೋಡಲಿಲ್ಲ, ಎಂದೂ ನೋಡುವವಳಲ್ಲ.
ದೋಣಿ ದಡ ಮುಟ್ಟಿ, ತಿರುಗಿ ಹೊರಟ ಮೇಲೆ ಅಂದಳು:
'ನೋವು ತೆಗೆಸು. ನಿದ್ದೆ ಕೊಡಿಸು.
ಶೂಲೇಸಿಗೆ ಮಾತ್ರೆ ಯಾಕೆ?
ಅದಕ್ಕೆ ಬೇಕಾದದ್ದು ಇನ್ನೆರಡು ಕೈ.'
ಎಲ್ಲಿವೆ ಆ ಕೈ, ಇವೋನ್?
ಉತ್ತರ ಅವಳಲ್ಲೂ ಇರಲಿಲ್ಲ.

ವಾಸಿಯಾದರೂ ಗುಣ, ಹುಟ್ಟಿ ಬಂದದ್ದೂ ಗುಣ.
ಒಂದು ಬಂದರೆ ಇನ್ನೊಂದು ಹೋಗುವುದಾದರೆ
ಕೊಯಿಂಬ್ರಾದಿಂದ ನನ್ನ ಕೈಹಿಡಿದು ಮರಳುವ ಹುಡುಗ ಯಾರು?
ಅವನು ಅಮ್ಮಾ ಎನ್ನಬಹುದು.
ಯಾರದೋ ಬಾಯಿಂದಲಾದರೂ ಸರಿ
ಒಮ್ಮೆ ಹಾಗೆ ಕರೆಸಿಕೊಳ್ಳುವ ಆಸೆ ನನಗಿದೆ.
ಹದಿನಾಲ್ಕು ಹಾಳೆಯಲ್ಲಿ ಎಲ್ಲೂ ಇದನ್ನು ಕೇಳಿಲ್ಲ,
ಕೇಳಿದ್ದರೆ ಸುಳ್ಳು ಬರೆಯುತ್ತಿದ್ದೆ.

ಪೆನ್ನನ್ನು ಅವನ ಕೈಗಿಟ್ಟೆ.
ಮೂಸಿದ. ಟಿಕ್ಕೆನಿಸಿದ, ಟಿಕ್ಕೆನಿಸಿದ, ಕೆನ್ನೆ ತಗಡಿಗೆ.
ಮೊಳೆ ಕಾಗದಕ್ಕೆ ತಾಗಿತು,
ಎಂಜಿನ್ನಿನ ನಡುಕ ಅವನ ತೋಳಲ್ಲಿಳಿದು
ಚುಕ್ಕೆಗಳ ಮೇಲೆ ಒಂದು ಸಣ್ಣ ಹಲ್ಲುಹಲ್ಲು ಗೆರೆ.
ಹೂಂ ಎಂದೋ. ಊಹೂಂ ಎಂದೋ.
ನನಗೆ ಬೇಕಾದ ಹಾಗೆ ಓದಿಕೊಳ್ಳುವುದು
ಎಷ್ಟು ಸುಲಭ, ದೇವರೇ.

ಏಳನೆಯ ಹಾಳೆ ಮಡಿಸಿ ಜೇಬಿಗಿಟ್ಟಿದ್ದೇನೆ,
ಡಾಕ್ಟರಮ್ಮನಿಗೆ ಕೇಳಬೇಕು,
ಆರು ಮಾತ್ರ ಸಿಗುತ್ತದೆಯೇ ಎಂದು.
ಸಿಗಲಿಕ್ಕಿಲ್ಲ.