ಹಿಡಿ, ಬಿಡು

ಐರ್ಲೆಂಡಿನ ಕಾರ್ಕ್ ಬಂದರಿನ ಆಚೆ ದಡ. ರಾತ್ರಿ ಪಾಳಿ.
ತಲೆಗೆ ಟೋಪಿ, ಬೂಟಿನ ಮೇಲೊಂದು ಬೂಟು,
ಕಣ್ಣೆರಡು ಬಿಟ್ಟರೆ ಗಾಬ್ನಿಟ್ ಎಂದು ಗುರುತಿಲ್ಲ.
ಎರಡು ಸಾವಿರ ಲೀಟರಿನ ತೊಟ್ಟಿಯಲ್ಲಿ
ಎಂದೋ ಸತ್ತ ಹ್ಯಾಮ್‌ಸ್ಟರ್ ಒಂದರ ಜೀವಕೋಶಗಳು
ಸಾಯುವುದು ಮರೆತು, ಹನ್ನೆರಡು ದಿನ ದುಡಿದು,
ಈಗ ಒಂದೇ ಕಲಗಚ್ಚು:
ಯಾರದೋ ಕೀಲಿನ ಉರಿಗೆ ಮದ್ದಾಗಬೇಕಾದ
ಪ್ರತಿಕಾಯವೂ ಅದರಲ್ಲೇ, ಹೊಲಸೂ ಅದರಲ್ಲೇ.

ಹಾಲು ನೀರು ಬೇರ್ಪಡಿಸುವ ಹಂಸದ ಕತೆ
ಅವಳು ಕೇಳಿದವಳಲ್ಲ.
ಅವಳಿಗೆ ಗೊತ್ತಿರುವುದು ಗಾಜಿನ ಕಂಬ,
ಅವಳೆದೆಯೆತ್ತರ, ಒಳಗೆ ಚಿರೋಟಿ ರವೆಗಿಂತ ಸಣ್ಣ ಮಣಿ,
ಮಣಿಮಣಿಗೂ ಕೈ.
ಎಲ್ಲ ಹರಿದುಹೋಗುವಾಗ ಒಂದನ್ನೇ ಹಿಡಿಯುವ ಕೈ.

ಹಿಡಿಯುವುದೇನೋ ಹಿಡಿಯಿತು. ಬಿಡಿಸುವುದು ಹೇಗೆ?
ಇಷ್ಟು ವರ್ಷ ಹುಳಿ ಸುರಿದೇ ಬಿಡಿಸಿದ್ದು.
ಹುಳಿ ಬಿದ್ದರೆ ಹಾಲೇನಾಗುತ್ತದೆ, ನಿಮಗೆ ಗೊತ್ತು;
ಮದ್ದಿಗೂ ಅದೇ. ಕೆಲವು ಮುದುಡುತ್ತವೆ,
ಕೆಲವು ಒಂದನ್ನೊಂದು ತಬ್ಬಿ ಗಂಟಾಗುತ್ತವೆ.
ಗಂಟನ್ನು ನರಕ್ಕೆ ಚುಚ್ಚಲಾಗದು.
ಬೆಳಗಿನ ಲೆಕ್ಕದಲ್ಲಿ ಒಂದು ಸಾಲು: ನಷ್ಟ, ನೂರಕ್ಕೆ ಹದಿನಾಲ್ಕು.

ಈ ವಾರ ಹೊಸ ಮಣಿ ಬಂದಿದೆ.
ಕ್ಯಾಲ್ಸಿಯಂ ಇದ್ದಾಗ ಮುಷ್ಟಿ, ತೆಗೆದರೆ ಅಂಗೈ.
ಹುಳಿಯಿಲ್ಲ, ಉರಿಯಿಲ್ಲ.
ಟೈಗ್ ಮೂಗು ಮುರಿದ: "ಇಷ್ಟು ಸಲೀಸಾಗಿ ಬಿಡುವಂಥದ್ದು
ಗಟ್ಟಿಯಾಗಿ ಹಿಡಿದೀತೇ?"

ಅವಳು ಉತ್ತರಿಸಲಿಲ್ಲ.
ಅಪ್ಪ ನೆನಪಾದ, ನದಿಮುಖದಲ್ಲಿ ಬಲೆ ಬಿಡುತ್ತಿದ್ದವನು.
ಎಳೆಯ ಸಾಲ್ಮನ್ ಸಿಕ್ಕಿಬಿದ್ದರೆ
ಕೈ ನೀರಲ್ಲದ್ದಿಯೇ ಮುಟ್ಟುತ್ತಿದ್ದ.
ಒಣಗೈ ಸೋಕಿದರೆ ಮೈಯ ಲೋಳೆ ಹೋಗುತ್ತದೆ,
ಈಜಿ ಹೋದರೂ ವಾರದಲ್ಲಿ ಸಾಯುತ್ತದೆ ಅಂತ.
ಬಯ್ಯುವಾಗ ಮಾತ್ರ ಅಷ್ಟು ನಾಜೂಕಿರಲಿಲ್ಲ.

ಮೂರೂ ಹತ್ತು. ಪರದೆಯ ಮೇಲೆ ಗೆರೆ
ಮಲಗಿದೆ. ಮಲಗಿಯೇ ಇದೆ.
ಟೈಗ್ ಚಹಾಕ್ಕೆ ಹೋದ.
ಆಮೇಲೆ ಎದ್ದಿತು,
ನಿದ್ದೆಯಲ್ಲಿರುವವರು ಹೊದಿಕೆಯೊಳಗೇ
ಮೊಣಕಾಲು ಮಡಿಸಿದ ಹಾಗೆ,
ಮತ್ತೆ ಇಳಿಯಿತು.

ಐದಕ್ಕೆ ಲ್ಯಾಬಿನಿಂದ ಫೋನು:
ಗಂಟು, ನೂರಕ್ಕೆ ಎರಡೂ ಇಲ್ಲ.

ಒಂದು ರಾತ್ರಿಯ ಮಾತು ನಂಬುವಂತಿಲ್ಲ.
ಇದೇ ಮಣಿ ತೊಳೆದು ಇನ್ನೂ ನಲವತ್ತು ಸಲ.
ಅವಳು ಪುಸ್ತಕದಲ್ಲಿ ಹೊತ್ತು ಬರೆದು, ಸಹಿ ಹಾಕಿ,
ಕೈಗವಸು ಕಳಚಿದಳು.
ಬೆರಳು ಬೆವರಿ, ಬಿಳಿಚಿ, ಸುಕ್ಕಾಗಿದ್ದವು,
ತುಂಬಾ ಹೊತ್ತು ನೀರಲ್ಲಿದ್ದವರ ಹಾಗೆ.